ಗಾಜಿನ ಮೇಲಣ ಪಾಚಿ

ಮಗನಿಗೆ ಪುಣೆಯಲ್ಲಿ ಕೆಲಸವಾಗಿ ಅವನು ಹೊರಟುನಿಂತಾಗ ನನ್ನ ವಶಕ್ಕೆ ಬಿಟ್ಟುಹೋದ ಆಸ್ತಿ ಒಂದೇ ಒಂದು: ನಡುಮನೆಯ ಕಿಟಕಿಯ ಪಕ್ಕದಲ್ಲಿದ್ದ ಉಪ್ಪುನೀರಿನ ಗಾಜಿನ ತೊಟ್ಟಿ. ಮೂರಡಿ ಉದ್ದ, ಒಳಗೆ 150 ಲೀಟರು ನೀರು, ಒಂದಿಷ್ಟು ಕಲ್ಲು, ಕಿತ್ತಳೆ ಮೈಗೆ ಬಿಳಿಯ ಪಟ್ಟೆ ಎಳೆದುಕೊಂಡ ಎರಡು ಪುಟ್ಟ ಮೀನು. ಬೆಂಗಳೂರಿನಿಂದ ಕಡಲು ಎಷ್ಟು ದೂರವೆಂದು ಬಲ್ಲವರಿಗೆ ಆ ತೊಟ್ಟಿಯ ಮುಂದೆ ನಿಂತಾಗ ಆಗುವ ಸೋಜಿಗವನ್ನು ಬಿಡಿಸಿ ಹೇಳಬೇಕಾಗಿಲ್ಲ. "ಅಪ್ಪ, ತಿಂಡಿ ಚಿಟಿಕೆಯಷ್ಟೇ ಹಾಕಿ. ಕಿಟಕಿ ಪರದೆ ಮಾತ್ರ ಸರಿಸಬೇಡಿ" ಎಂದು ಎರಡೇ ಮಾತು ಹೇಳಿ ಹೋಗಿದ್ದ. ಎರಡನ್ನೂ ನಾನು ಮೀರಿದೆ. ಬೇಡವೆಂದವರ ಎಲೆಗೂ ಇನ್ನೊಂದು ಸೌಟು ಬಡಿಸುವ ಮನೆಯಲ್ಲಿ ಹುಟ್ಟಿದವನು ಮೀನಿಗೆ ಚಿಟಿಕೆಯ ಲೆಕ್ಕದಲ್ಲಿ ಅನ್ನವಿಡುವುದು ಹೇಗೆ? ಇನ್ನು ಬೆಳಗಿನ ಎಳೆಬಿಸಿಲು: ತುಳಸಿಗೆ ಬೇಕಾದದ್ದು ಮೀನಿಗೆ ಬೇಡವೆ ಎಂದುಕೊಂಡು ಪರದೆಯನ್ನೂ ಸರಿಸಿದೆ.

ಮೊದಲು ಗಾಜಿನ ಮೇಲೆ ಕಂದು ಧೂಳಿನಂಥ ಒಂದು ಲೇಪ ಕೂತಿತು. ಆಮೇಲೆ ಅದು ಹಸುರಾಯಿತು. ಮೂರು ತಿಂಗಳಾಗುವಷ್ಟರಲ್ಲಿ ಕಲ್ಲುಗಳಿಗೆಲ್ಲ ಕೂದಲು ಬಂದಂತೆ ಪಾಚಿ ಬೆಳೆದು, ಪಂಪಿನ ಮೂತಿಯವರೆಗೂ ಹಬ್ಬಿ, ಒಳಗೆ ಮೀನಿದೆಯೇ ಇಲ್ಲವೇ ಎಂದು ತಿಳಿಯಲು ಟಾರ್ಚು ಬೇಕಾಯಿತು. ಒಂದು ಬೆಳಿಗ್ಗೆ ಎರಡರಲ್ಲೊಂದು ಸತ್ತು ತೇಲುತ್ತಿತ್ತು. "ಊರಾಚೆಯ ಹಾಳು ಕಲ್ಯಾಣಿ ಹಾಗಿದೆಯಲ್ರೀ, ತೆಗೆದುಹಾಕಿಸಿ" ಎಂದಳು ಮನೆಯಾಕೆ. ಮಗನಿಗೆ ಫೋನು ಮಾಡಿದೆ. ಅವನು ಬೇಸರ ತೋರಗೊಡದೆ, "ಹೋಗ್ಲಿ ಬಿಡಿ ಅಪ್ಪ. ಉಳಿದ ಮೀನನ್ನ ಅಂಗಡಿಯವರಿಗೆ ಕೊಟ್ಬಿಡಿ. ನೀರೆಲ್ಲ ಚೆಲ್ಲಿ, ಕಲ್ಲನ್ನ ಬಿಸಿನೀರಲ್ಲಿ ಹಾಕಿ ಉಜ್ಜಿ ಒಣಗಿಸಿಡಿ. ದೀಪಾವಳಿಗೆ ಬಂದಾಗ ಮೊದಲಿಂದ ಶುರು ಮಾಡೋಣ" ಎಂದ. ಬೇಸರ ತೋರಗೊಡದ ಆ ದನಿಯೇ ನನಗೆ ಹೆಚ್ಚು ನಾಟಿತು.

ಬಹುಕಾಲ ಹುಡುಗರಿಗೆ ಚರಿತ್ರೆಯ ಪಾಠ ಹೇಳಿದವನಿಗೆ ಒಂದು ದುರಭ್ಯಾಸ ಅಂಟಿಕೊಂಡಿರುತ್ತದೆ. ಯಾವ ಕೆಲಸಕ್ಕೆ ಕೈಹಾಕಬೇಕಾದರೂ ಅದನ್ನು ಮೊದಲು ಮಾಡಿದವರು ಯಾರು, ಅವರು ಎಲ್ಲಿ ಎಡವಿದರು ಎಂದು ಹುಡುಕುವುದು. ಪಾಚಿ ತೊಳೆಯುವ ಮೊದಲು ಪಾಚಿಯ ಪೂರ್ವೋತ್ತರ ತಿಳಿಯಬೇಕೆನ್ನಿಸಿತು. ಬಕೆಟ್ಟು ಕುಂಚಗಳನ್ನು ಪಕ್ಕಕ್ಕಿಟ್ಟು ನಾಲ್ಕಾರು ದಿನ ಓದುತ್ತ ಕೂತೆ. ಮನೆಯಾಕೆ ಇದನ್ನು ಸೋಮಾರಿತನವೆಂದು ಕರೆದಳು. ಇರಲಿ. ಓದಿದ ಮೇಲೆ ತಿಳಿದದ್ದು ಇಷ್ಟು: ಕಡಲ ನೀರನ್ನು ಗಾಜಿನೊಳಗೆ ಜೀವಂತವಾಗಿಡುವ ವಿದ್ಯೆಯ ಇತಿಹಾಸ ಬಹುಮಟ್ಟಿಗೆ ಈ ಹಸುರು ಲೋಳೆಯೊಡನೆ ಮನುಷ್ಯ ನಡೆಸಿದ ಜಗಳದ ಇತಿಹಾಸ.

ಗಾಜಿನ ತೊಟ್ಟಿಯಲ್ಲಿ ಕಡಲ ಜೀವಿಯನ್ನಿಟ್ಟು ಶಾಸ್ತ್ರೀಯವಾಗಿ ನೋಡಿದವರಲ್ಲಿ ಮೊದಲಿಗಳು ಬಟ್ಟೆ ಹೊಲಿಯುತ್ತಿದ್ದ ಒಬ್ಬ ಫ್ರೆಂಚ್ ಹೆಂಗಸು. ಹೆಸರು ಜಾನ್ ವಿಲ್‌ಪ್ರೋ-ಪವರ್, ಹುಟ್ಟಿದ್ದು 1794ರಲ್ಲಿ. ಪ್ಯಾರಿಸಿನಲ್ಲಿ ಉಡುಪು ಹೊಲಿಯುತ್ತಿದ್ದಾಕೆ ಒಬ್ಬ ವರ್ತಕನನ್ನು ಮದುವೆಯಾಗಿ ಸಿಸಿಲಿ ದ್ವೀಪದ ಮೆಸಿನಾಕ್ಕೆ ಬಂದಳು. ಅಲ್ಲಿ ಆರ್ಗೊನಾಟ್ ಎಂಬ, ಎಂಟು ತೋಳಿನ, ಕಾಗದದಷ್ಟು ತೆಳುವಾದ ಚಿಪ್ಪಿನ ಪ್ರಾಣಿಯೊಂದು ಆಕೆಯ ಗಮನ ಸೆಳೆಯಿತು. ಆ ಚಿಪ್ಪು ಅದರದೇ ಸ್ವಂತದ್ದೇ, ಇನ್ನಾರಿಂದಲೋ ಕದ್ದದ್ದೇ ಎಂದು ಪಂಡಿತರು ಕಾದಾಡುತ್ತಿದ್ದ ಕಾಲ. 1832ರಲ್ಲಿ ಆಕೆ ಗಾಜಿನ ತೊಟ್ಟಿ ಮಾಡಿಸಿ, ಅದರಲ್ಲಿ ಈ ಪ್ರಾಣಿಯನ್ನು ಸಾಕಿ, ಚಿಪ್ಪನ್ನು ಅದು ತಾನೇ ಕಟ್ಟಿಕೊಳ್ಳುತ್ತದೆಂದು ತೋರಿಸಿಕೊಟ್ಟಳು. ಮುಂದೆ ಸಿಸಿಲಿಯನ್ನು ಬಿಟ್ಟಾಗ ಆಕೆಯ ಸಂಗ್ರಹದ, ಚಿತ್ರಗಳ ಬಹುಭಾಗ ಹಡಗಿನೊಡನೆ ಮುಳುಗಿಹೋಯಿತು. ಆದರೆ ಪಾಚಿಯ ಕಾಟದ ಮಟ್ಟಿಗೆ ಆಕೆ ಪುಣ್ಯವಂತೆ. ಕಡಲು ಮನೆಯ ಬಾಗಿಲಲ್ಲೇ ಇತ್ತು. ನೀರು ಕೆಟ್ಟರೆ ಬೇರೆ ನೀರು.

ನೀರು ಬದಲಿಸುತ್ತಲೇ ಇದ್ದರೆ ಎಷ್ಟು ದಿನ ನಡೆಯುತ್ತದೆ ಎಂದು ಕೇಳುವವರಿಗೆ ಸ್ಕಾಟ್ಲೆಂಡಿನ ಒಂದು ಅಜ್ಜಿಯ ಕಥೆ ಹೇಳಬೇಕು. ಸರ್ ಜಾನ್ ಡಾಲಿಯಲ್ ಎಂಬ ಪ್ರಕೃತಿಶಾಸ್ತ್ರಜ್ಞ 1828ರಲ್ಲಿ ನಾರ್ತ್ ಬರ್ವಿಕ್ ಎಂಬಲ್ಲಿ ಕಡಲದಂಡೆಯ ಬಂಡೆಯಿಂದ ಒಂದು ಸೀ ಅನಿಮನಿಯನ್ನು ಬಿಡಿಸಿ ತಂದ. ಇದು ಹೂವಿನಂತೆ ಅರಳಿ ಮುಚ್ಚುವ ಪ್ರಾಣಿ. ಕಡಲಹೂ ಎಂದು ಕರೆದರೆ ತಪ್ಪಿಲ್ಲ. ಅದನ್ನು ಎಡಿನ್‌ಬರೋದಲ್ಲಿ ಒಂದು ಗಾಜಿನ ಜಾಡಿಯಲ್ಲಿಟ್ಟು, ಹೊಸ ಕಡಲ ನೀರು ತರಿಸಿ ಬದಲಿಸುತ್ತ ಬಂದ. 1851ರಲ್ಲಿ ಡಾಲಿಯಲ್ ಸತ್ತ. ಕಡಲಹೂ ಸಾಯಲಿಲ್ಲ. ಕೈಯಿಂದ ಕೈಗೆ ದಾಟುತ್ತ, 'ಗ್ರ್ಯಾನಿ' ಎಂದರೆ ಅಜ್ಜಿ ಎಂದು ಹೆಸರು ಪಡೆದು, 1887ರವರೆಗೆ ಬದುಕಿತು. 59 ವರ್ಷ! ತೊಟ್ಟಿಯಿಲ್ಲ, ಪಂಪಿಲ್ಲ, ಯಾವ ಸಿದ್ಧಾಂತವೂ ಇಲ್ಲ. ನೀರು ಹೊತ್ತುತರುವವರೊಬ್ಬರು ಇದ್ದರು, ಅಷ್ಟೆ.

ಕಡಲಿಲ್ಲದ ಊರಿನವರ ಪಾಡು ಬೇರೆ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯ ಪಾದ್ರಿಯೊಬ್ಬನ ಹೆಂಡತಿ ಆನಾ ಥಿನ್ ಎಂಬಾಕೆ 1846ರಲ್ಲಿ ಟಾರ್ಕಿ ಪಟ್ಟಣದ ದಂಡೆಗೆ ಹೋಗಿದ್ದಾಗ ಹವಳದ ಜಾತಿಯ ಪುಟ್ಟ ಜೀವಿಗಳನ್ನು ಕಂಡು ಮರುಳಾದಳು. ಅವನ್ನು ಕಲ್ಲುಜಾಡಿಯಲ್ಲಿ ತುಂಬಿಕೊಂಡು, ದಾರಿಯಲ್ಲಿ ಉರುಳಾಡದಂತೆ ಸೂಜಿದಾರದಿಂದ ಸ್ಪಂಜಿಗೆ ಹೊಲಿದು ಲಂಡನ್ನಿಗೆ ತಂದಳು. ಕಡಲಿಂದ ನೀರು ತರಿಸುವುದು ಕಷ್ಟವಾದಾಗ ಹಳೆಯ ನೀರನ್ನೇ ತೆರೆದ ಕಿಟಕಿಯ ಮುಂದೆ ಪಾತ್ರೆಯಿಂದ ಪಾತ್ರೆಗೆ ಅರ್ಧ ಮುಕ್ಕಾಲು ಗಂಟೆ ಎತ್ತಿ ಎತ್ತಿ ಸುರಿಯುವ ಉಪಾಯ ಹೂಡಿದಳು. ನಮ್ಮ ಹೋಟೆಲುಗಳಲ್ಲಿ ಕಾಫಿ ಆರಿಸುವಂತೆ. ಆ ಕೆಲಸ ಮನೆಯ ಸೇವಕಿ ಹುಡುಗಿಯದು. ಅವಳಿಗೆ ಅದೊಂದು ಆಟದಂತಿತ್ತೆಂದು ಯಜಮಾನಿತಿ ಬರೆದಿಟ್ಟಿದ್ದಾಳೆ. ಹುಡುಗಿ ಬರೆದಿದ್ದರೆ ಏನು ಬರೆಯುತ್ತಿದ್ದಳೋ! ಮರುವರ್ಷ ಆನಾ ಥಿನ್ ಆ ನೀರಿಗೆ ಕಡಲ ಸಸ್ಯಗಳನ್ನೂ ಸೇರಿಸಿದಳು. ಸಸ್ಯ, ಪ್ರಾಣಿ, ನೀರು ಮೂರೂ ಒಂದನ್ನೊಂದು ಹೊಂದಿಕೊಂಡು ವರ್ಷಗಟ್ಟಲೆ ಉಳಿದವು.

ಈ ಹೊಂದಾಣಿಕೆಯ ವಿಚಾರ ಆಗ ಗಾಳಿಯಲ್ಲೇ ಇತ್ತು. 1829ರಲ್ಲಿ ಲಂಡನ್ನಿನ ನಥೇನಿಯಲ್ ವಾರ್ಡ್ ಎಂಬ ವೈದ್ಯ ಮುಚ್ಚಿಟ್ಟ ಸೀಸೆಯೊಳಗೆ ಒಂದು ಜರಿಗಿಡ ತಾನಾಗಿ ಮೊಳೆತು ಬೆಳೆಯುವುದನ್ನು ಕಂಡಿದ್ದ. ಅವನ ಗಾಜಿನ ಪೆಟ್ಟಿಗೆಗಳಲ್ಲೇ ಮುಂದೆ ಚೀನಾದ ಚಹದ ಸಸಿಗಳು ಕಡಲು ದಾಟಿ ಹಿಮಾಲಯದ ತಪ್ಪಲಿಗೆ ಬಂದವು. ನಮ್ಮ ಬೆಳಗಿನ ಚಹದ ಲೋಟಕ್ಕೂ ಈ ಗಾಜಿನ ಹುಚ್ಚಿಗೂ ನೆಂಟಸ್ತನ ಉಂಟೆಂದಾಯಿತು. 1845ರಲ್ಲಿ ಇಂಗ್ಲೆಂಡಿನ ಸರಕಾರ ಗಾಜಿನ ಮೇಲಿನ ಸುಂಕವನ್ನು ತೆಗೆದುಹಾಕಿದ್ದರಿಂದ ದೊಡ್ಡ ಗಾಜು ಮಧ್ಯಮವರ್ಗದವರ ಕೈಗೂ ಎಟುಕಿತು. ಸಾಮ್ರಾಜ್ಯಗಳ ಏಳುಬೀಳಿಗೆ ಕೊಡುವ ಗಮನವನ್ನು ನಾವು ಇಂಥ ಸಣ್ಣ ಸುಂಕಗಳಿಗೆ ಕೊಡುವುದಿಲ್ಲ.

ಪಾಚಿ ರಂಗಕ್ಕೆ ಬರುವುದು 1849ರಲ್ಲಿ. ಲಂಡನ್ನಿನ ಔಷಧಿವ್ಯಾಪಾರಿಗಳ ಸಂಘದಲ್ಲಿ ರಸಾಯನಶಾಸ್ತ್ರಜ್ಞನಾಗಿದ್ದ ರಾಬರ್ಟ್ ವಾರಿಂಗ್ಟನ್ 12 ಗ್ಯಾಲನ್ ಹಿಡಿಸುವ ಗಾಜಿನ ಪಾತ್ರೆಯಲ್ಲಿ ಸಿಹಿನೀರು ಹಾಕಿ, ಎರಡು ಚಿನ್ನದ ಮೀನು ಬಿಟ್ಟು, ವ್ಯಾಲಿಸ್ನೇರಿಯ ಎಂಬ ನೀರುಗಿಡವನ್ನು ನೆಟ್ಟ. ಮೀನು ಬಿಟ್ಟ ಅಂಗಾರಾಮ್ಲವನ್ನು ಗಿಡ ಹೀರುವುದು, ಗಿಡ ಬಿಟ್ಟ ಆಮ್ಲಜನಕವನ್ನು ಮೀನು ಹೀರುವುದು, ಲೆಕ್ಕ ಚುಕ್ತ. ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು. ಆದರೆ ಕೆಲವು ದಿನಗಳಲ್ಲಿ ಗಿಡದ ಹಳೆಯ ಎಲೆಗಳು ಕೊಳೆತು, ಹಸುರು ಲೋಳೆ ಹುಟ್ಟಿ, ಗಾಜಿಗೆಲ್ಲ ಮೆತ್ತಿ, ನೀರು ಕದಡಿತು. ಲೆಕ್ಕಕ್ಕೆ ಬಾರದಿದ್ದ ಬಾಬೊಂದು ಎದ್ದು ನಿಂತಿತು. ವಾರಿಂಗ್ಟನ್ ಜಾಣ. ಪಾತ್ರೆಯನ್ನು ಬರಿದುಮಾಡಿ ತೊಳೆಯಲಿಲ್ಲ. ಹಳ್ಳಕೊಳ್ಳಗಳಲ್ಲಿ ಪಾಚಿ ಏಕೆ ಎಲ್ಲವನ್ನೂ ನುಂಗುವುದಿಲ್ಲ ಎಂದು ಯೋಚಿಸಿ ನಾಲ್ಕಾರು ನೀರಿನ ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತದ್ದನ್ನೂ ಲೋಳೆಯನ್ನೂ ಮೇಯ್ದವು. ಅವುಗಳ ಮೊಟ್ಟೆ ಮೀನಿಗೆ ಆಹಾರವಾಯಿತು. ಮೀನು, ಗಿಡ, ಬಸವನಹುಳು ಎಂಬ ಮೂರು ಕಾಲಿನ ಪೀಠದ ಮೇಲೆ ತೊಟ್ಟಿ ನಿಂತಿತು. 1850ರಲ್ಲಿ ಅವನು ಇದನ್ನು ಲಂಡನ್ನಿನ ರಸಾಯನಶಾಸ್ತ್ರಜ್ಞರ ಸಭೆಯ ಮುಂದಿಟ್ಟ. 1852ರಲ್ಲಿ ಬಿಲ್ಲಿಂಗ್ಸ್‌ಗೇಟ್ ಮೀನುಮಾರುಕಟ್ಟೆಗೆ ಬರುವ ದೋಣಿಯವರಿಂದ ಕಡಲ ನೀರು ತರಿಸಿ ಉಪ್ಪುನೀರಿನಲ್ಲೂ ಅದೇ ಪ್ರಯೋಗಕ್ಕೆ ತೊಡಗಿದ. ಅಲ್ಲಿ ಪಾಚಿ ಮೇಯಲು ಕಡಲ ಬಸವನಹುಳು.

ಇದೇ ಹೊತ್ತಿನಲ್ಲಿ ಫಿಲಿಪ್ ಹೆನ್ರಿ ಗಾಸ್ ಎಂಬ ಮಹಾಶಯ ಡೆವನ್ ದಂಡೆಯಲ್ಲಿ ಸೊಂಟದ ಮಟ್ಟ ನೀರಿಗಿಳಿದು ಬಂಡೆಗಳ ಸಂದಿ ಹುಡುಕುತ್ತಿದ್ದ. ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಮೃಗಾಲಯದಲ್ಲಿ 1853ರ ಮೇ ತಿಂಗಳಲ್ಲಿ ಜಗತ್ತಿನ ಮೊದಲ ಸಾರ್ವಜನಿಕ ಮತ್ಸ್ಯಾಲಯ ತೆರೆದಾಗ ಅದಕ್ಕೆ ಜೀವಿಗಳನ್ನು ಹಿಡಿದುಕೊಟ್ಟವರಲ್ಲಿ ಅವನೂ ಒಬ್ಬ. ಮರುವರ್ಷ ಬಂದ ಅವನ ಪುಸ್ತಕ 'ದಿ ಅಕ್ವೇರಿಯಂ' ಈ ವಸ್ತುವಿಗೆ ಹೆಸರನ್ನು ಖಾಯಂ ಮಾಡಿತು. ಲ್ಯಾಟಿನ್ನಿನಲ್ಲಿ ಆ ಮಾತಿಗೆ ದನಗಳಿಗೆ ನೀರು ಕುಡಿಸುವ ಜಾಗ ಎಂದು ಅರ್ಥ. ನಮ್ಮ ಕಡೆ ಕಲ್ಲುಬಾನಿ ಎನ್ನುತ್ತೇವಲ್ಲ, ಅದೇ. ಕಲ್ಲುಬಾನಿಯ ಹೆಸರು ದಿವಾನಖಾನೆಗೆ ಬಂದು ಕೂತಿತು. ಕಡಲಿಂದ ದೂರವಿದ್ದವರಿಗಾಗಿ ಗಾಸ್ 1854ರಲ್ಲೇ ಇನ್ನೊಂದು ಉಪಕಾರ ಮಾಡಿದ: ಅಡಿಗೆಯ ಉಪ್ಪು, ಎಪ್ಸಮ್ ಉಪ್ಪು, ಮೆಗ್ನೀಸಿಯಂ ಕ್ಲೋರೈಡು, ಪೊಟ್ಯಾಸಿಯಂ ಕ್ಲೋರೈಡು, ಈ ನಾಲ್ಕನ್ನು ತೂಗಿ ನಲ್ಲಿಯ ನೀರಿಗೆ ಬೆರೆಸಿ ಕೃತಕ ಕಡಲನ್ನು ತಯಾರಿಸುವ ಪಾಕವನ್ನು ಪ್ರಕಟಿಸಿದ. ಈಗ ಅಂಗಡಿಯಲ್ಲಿ ಚೀಲದಲ್ಲಿ ಸಿಗುವ ಉಪ್ಪನ್ನು ನನ್ನ ಮಗ ಬಕೆಟ್ಟಿನಲ್ಲಿ ಕದಡುತ್ತಿದ್ದಾಗ, ಅದು ಗಾಸ್‌ನ ಪಾಕದ ಮೊಮ್ಮಗನೆಂದು ನಾನು ಅರಿತಿರಲಿಲ್ಲ.

ಆಮೇಲೆ ಕೆಲವು ವರ್ಷ ಇಂಗ್ಲೆಂಡಿಗೆ ಹಿಡಿದದ್ದು ಹುಚ್ಚೇ ಸರಿ. ಉಳ್ಳವರ ದಿವಾನಖಾನೆಯ ಕಿಟಕಿಗಳಲ್ಲೆಲ್ಲ ಕಡಲಹೂವಿನ ತೊಟ್ಟಿ. ರೈಲಿನಲ್ಲಿ ಪೀಪಾಯಿಗಟ್ಟಲೆ ಕಡಲ ನೀರು. ವಿಲಿಯಂ ಆಲ್ಫರ್ಡ್ ಲಾಯ್ಡ್ ಎಂಬವನು ಲಂಡನ್ನಿನಲ್ಲಿ ಇದಕ್ಕೆಂದೇ ಮಳಿಗೆ ತೆರೆದು, ಪುಸ್ತಕದಷ್ಟು ದಪ್ಪನೆಯ ಬೆಲೆಪಟ್ಟಿ ಅಚ್ಚುಹಾಕಿಸಿದ. ಪಾಚಿಗೂ ಒಂದು ಕಾವ್ಯದ ಸ್ಥಾನ ದೊರೆಯಿತು. ಕಡಲ ಬಸವನಹುಳು ತನ್ನ ಗರಗಸದಂಥ ನಾಲಗೆಯಿಂದ ಗಾಜಿನ ಹಸುರನ್ನು ಸಾಲುಸಾಲಾಗಿ ಕೆರೆದುಕೊಂಡು ಹೋಗುವುದನ್ನು ಗಾಸ್ ಕುಡುಗೋಲು ಬೀಸಿ ಹುಲ್ಲು ಕೊಯ್ಯುವವನಿಗೆ ಹೋಲಿಸಿದ್ದಾನೆ. ಭೂತಗನ್ನಡಿ ಹಿಡಿದು ನೋಡಿದೆ; ನನ್ನ ತೊಟ್ಟಿಯ ಒಂದು ಹುಳುವೂ ಗಾಜಿನ ಮೇಲೆ ಅದೇ ಸಾಲು ಬಿಟ್ಟಿತ್ತು. ಪಾಪ, ಎಕರೆಗಟ್ಟಲೆ ಹುಲ್ಲಿಗೆ ಒಬ್ಬನೇ ಆಳು.

ಹುಚ್ಚು ಇಳಿಯಲು ಹತ್ತು ವರ್ಷವೂ ಬೇಕಾಗಲಿಲ್ಲ. ಜನ ತೊಟ್ಟಿಯನ್ನು ಕಿಟಕಿಯಲ್ಲಿಟ್ಟರು. ಚೆಂದ ಕಾಣಲೆಂದು ನಾಲ್ಕು ಕಡೆಯೂ ಗಾಜು, ನಾಲ್ಕು ಕಡೆಯಿಂದಲೂ ಬೆಳಕು. ಆದರೆ ನಿಜವಾದ ಕಡಲಿನಲ್ಲಿ ಬೆಳಕು ಬರುವುದು ಮೇಲಿನಿಂದ ಮಾತ್ರ. ಸಸ್ಯವೇ ನೀರನ್ನು ಶುದ್ಧವಾಗಿಡುತ್ತದೆ, ಸಸ್ಯಕ್ಕೆ ಬೆಳಕು ಬೇಕು, ಆದ್ದರಿಂದ ಹೆಚ್ಚು ಬೆಳಕೆಂದರೆ ಹೆಚ್ಚು ಶುದ್ಧಿ ಎಂಬ ತರ್ಕ ಅವರದು. ನಾನು ಪರದೆ ಸರಿಸಿದ್ದೂ ಇದೇ ತರ್ಕದಿಂದ! ನೀರು ಹಸುರು ಪಾಯಸದಂತಾಯಿತು, ಜೀವಿಗಳು ಸತ್ತವು, ತೊಟ್ಟಿ ನಾರಿತು. ತೊಳೆದು ಮತ್ತೆ ತುಂಬಿದರು, ಮತ್ತೆ ಹಸುರು. ಎರಡು ಮೂರು ಸಲಕ್ಕೆ ಬೇಸತ್ತು ಅಟ್ಟಕ್ಕೆ ಹಾಕಿದರು. 1868ರ ಹೊತ್ತಿಗೆ ಜೆ. ಜಿ. ವುಡ್ ಎಂಬ ಲೇಖಕ ಹತ್ತು ತೊಟ್ಟಿಗಳಲ್ಲಿ ಒಂಬತ್ತನ್ನು ಜನ ಕೈಬಿಟ್ಟರೆಂದು ಬರೆದ.

ಕೈಬಿಟ್ಟ ಒಂದೊಂದು ತೊಟ್ಟಿಗೂ ಕಡಲದಂಡೆ ತೆರ ತೆತ್ತಿತ್ತು. ಸತ್ತ ಜೀವಿಗಳ ಜಾಗಕ್ಕೆ ಹೊಸವನ್ನು ತರಲು ಜನ ಉಳಿ ಸುತ್ತಿಗೆ ಹಿಡಿದು ಬಂಡೆಗಳನ್ನು ಕೆತ್ತಿದರು. ಗಾಸ್‌ನ ಮಗ ಎಡ್ಮಂಡ್ ತಂದೆಯ ಜತೆ ಆ ನೀರುಗುಂಡಿಗಳಲ್ಲಿ ಆಡಿ ಬೆಳೆದವನು. 1907ರಲ್ಲಿ ಬರೆದ 'ಫಾದರ್ ಅಂಡ್ ಸನ್' ಎಂಬ ಆತ್ಮಕಥೆಯಲ್ಲಿ, ತಾನು ಕಂಡ ಆ ಕಡಲ ತೋಟಗಳು ಬರಿದಾಗಿ ಹೋದವೆಂದೂ, ತನ್ನ ಪುಸ್ತಕಗಳೇ ಅದಕ್ಕೆ ಕಾರಣವಾದವೆಂದು ತಂದೆ ಕೊರಗಿದನೆಂದೂ ಅವನು ಹೇಳಿದ್ದಾನೆ. ಕಡಲಿನ ಚೆಲುವನ್ನು ಜನಕ್ಕೆ ತೋರಿಸಹೋದವನೇ ಅದನ್ನು ಸೂರೆಗೆ ಒಡ್ಡಿದಂತಾಯಿತು. ನಮ್ಮಲ್ಲಿ 2001ರಲ್ಲಿ ಹವಳಗಳನ್ನು ವನ್ಯಜೀವಿ ಕಾಯಿದೆಯ ರಕ್ಷಣೆಗೆ ತಂದರು. ಮುರ್ಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ. ಅಲ್ಲಿಂದ ಒಂದು ತುಂಡು ಮುರಿದು ತಂದರೂ ಅಪರಾಧ. ನನ್ನ ತೊಟ್ಟಿಯ ಕಲ್ಲು ಕಡಲಿನದಲ್ಲ, ಕಾರ್ಖಾನೆಯದು. ಆದರೂ ಎಡ್ಮಂಡನ ಮಾತು ಓದಿದ ಮೇಲೆ, 'ಎಲ್ಲ ಚೆಲ್ಲಿ ಮೊದಲಿಂದ ಶುರು ಮಾಡೋಣ' ಎಂಬುದು ಅಷ್ಟು ನಿರಪಾಯದ ಮಾತಾಗಿ ಕೇಳಿಸಲಿಲ್ಲ. ಹೊಸದಾಗಿ ಶುರುಮಾಡುವವನು ಹೊಸ ಮೀನು ತರಬೇಕಷ್ಟೆ.

ಕೈಬಿಡದಿದ್ದವನು ಆ ಲಾಯ್ಡ್. ವ್ಯಾಪಾರದಲ್ಲಿ ಅವನು ದಿವಾಳಿಯೆದ್ದದ್ದು 1862ರಲ್ಲಿ. ಆದರೆ ಮಳಿಗೆಯಲ್ಲಿ ವರ್ಷಗಟ್ಟಲೆ ಕಡಲ ನೀರು ಕಾಪಾಡಿದವನಿಗೆ ಒಂದು ಗುಟ್ಟು ತಿಳಿದಿತ್ತು: ಹಸುರುಗಟ್ಟಿದ ನೀರನ್ನು ಚೆಲ್ಲಬೇಕಾಗಿಲ್ಲ, ಕತ್ತಲಲ್ಲಿಟ್ಟರೆ ಅದು ತಿಳಿಯಾಗುತ್ತದೆ. 1864ರಲ್ಲಿ ಜರ್ಮನಿಯ ಹ್ಯಾಂಬರ್ಗ್ ಮೃಗಾಲಯದಲ್ಲಿಯೂ, 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ಸಿನಲ್ಲಿಯೂ ಅವನು ದೊಡ್ಡ ಮತ್ಸ್ಯಾಲಯಗಳನ್ನು ನಡೆಸಿದ್ದು ಈ ಸೂತ್ರದ ಮೇಲೆಯೇ. ಜನ ನೋಡುವ ತೊಟ್ಟಿಗಳಲ್ಲಿದ್ದ ನೀರಿಗಿಂತ ಹಲವು ಪಾಲು ಹೆಚ್ಚಿನ ನೀರು ನೆಲದಡಿಯ ಕತ್ತಲೆಯ ಹೊಂಡದಲ್ಲಿರುತ್ತಿತ್ತು. ಉಗಿಯಂತ್ರದ ಪಂಪು ಹಗಲಿರುಳೂ ಆ ನೀರನ್ನು ಮೇಲೆತ್ತಿ, ತೊಟ್ಟಿಯಿಂದ ತೊಟ್ಟಿಗೆ ಹರಿಸಿ, ಮತ್ತೆ ಕತ್ತಲೆಗೆ ಇಳಿಸುತ್ತಿತ್ತು. ನೀರನ್ನು ಬದಲಿಸುತ್ತಿರಲಿಲ್ಲ, ಓಡಾಡಿಸುತ್ತಿದ್ದ. ನೀರು ಹಳೆಯದಾದಷ್ಟೂ ಒಳ್ಳೆಯದೆಂಬುದು ಅವನ ನಂಬಿಕೆ. ಬೆಳಕನ್ನು ನೆಚ್ಚಿ ಕೆಟ್ಟವರ ನಡುವೆ ಇವನು ಕತ್ತಲೆಯನ್ನು ನೆಚ್ಚಿ ಗೆದ್ದ. ಏಕೆ ಗೆದ್ದೆನೆಂಬುದು ಮಾತ್ರ ಅವನಿಗೆ ಪೂರ್ತಿ ತಿಳಿದಿರಲಿಲ್ಲ. 1880ರಲ್ಲಿ ತೀರಿಕೊಂಡ.

ಈ ಗಂಟನ್ನು ಬಿಡಿಸಿದವರಲ್ಲಿ ಮುಖ್ಯನಾದವನು ಯಾರೆಂದು ಓದಿದಾಗ ನಾನು ಕುರ್ಚಿಯಿಂದ ಎದ್ದು ಮನೆಯಾಕೆಗೆ ಹೇಳಲು ಅಡಿಗೆಮನೆಗೇ ಹೋದೆ. ಬಸವನಹುಳು ಬಿಟ್ಟ ಆ ವಾರಿಂಗ್ಟನ್ನನ ಮಗ! ಅವನ ಹೆಸರೂ ರಾಬರ್ಟ್ ವಾರಿಂಗ್ಟನ್ನೇ. ತಂದೆಯ ಪ್ರಯೋಗ ನಡೆದಾಗ ಹತ್ತು ಹನ್ನೊಂದು ವರ್ಷದ ಹುಡುಗ. ಬೆಳೆದು ರಾಥಮ್‌ಸ್ಟೆಡ್ ಎಂಬಲ್ಲಿನ ಕೃಷಿಸಂಶೋಧನಾ ಕೇಂದ್ರದಲ್ಲಿ ರಸಾಯನಶಾಸ್ತ್ರಜ್ಞನಾದ. ಅವನ ವಿಷಯ ಮೀನಲ್ಲ, ಹೊಲದ ಗೊಬ್ಬರ. ಗೊಬ್ಬರದ ಅಮೋನಿಯ ಮಣ್ಣಿನಲ್ಲಿ ನೈಟ್ರೇಟು ಎಂಬ ಉಪ್ಪಾಗಿ ಮಾರ್ಪಡುತ್ತದೆ. 1877ರಲ್ಲಿ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬ ಇಬ್ಬರು ಫ್ರೆಂಚರು ಈ ಮಾರ್ಪಾಟನ್ನು ಮಾಡುವವು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳೆಂದು ತೋರಿಸಿದ್ದರು. ಮಗ ವಾರಿಂಗ್ಟನ್ ಅದರ ಬೆನ್ನು ಹತ್ತಿದ. ಮೊದಲು ಅಮೋನಿಯ ನೈಟ್ರೈಟಾಗುವುದು, ಆಮೇಲೆ ನೈಟ್ರೈಟು ನೈಟ್ರೇಟಾಗುವುದು, ಹೀಗೆ ಎರಡು ಮಜಲಿನ ಕೆಲಸವಿದು, ಎರಡಕ್ಕೂ ಬೇರೆ ಬೇರೆ ಆಳುಗಳು ಎಂದು ಕಂಡುಕೊಂಡ. ಇನ್ನೊಂದು ಸಂಗತಿಯನ್ನೂ ಗಮನಿಸಿದ: ಕತ್ತಲಲ್ಲಿಟ್ಟ ದ್ರಾವಣಗಳಲ್ಲಿ ಕೆಲಸ ಚೆನ್ನಾಗಿ ನಡೆಯುತ್ತಿತ್ತು, ಬೆಳಕು ಅದಕ್ಕೆ ಅಡ್ಡಿ. ಆ ಜೀವಿಗಳನ್ನು ಬೇರ್ಪಡಿಸಲು ವರ್ಷಗಟ್ಟಲೆ ಹೆಣಗಿದ. ಕೊನೆಗೆ 1890ರಲ್ಲಿ ಆ ಕೀರ್ತಿ ವಿನೋಗ್ರಾಡ್‌ಸ್ಕಿ ಎಂಬ ರಷ್ಯನ್ನನಿಗೆ ದಕ್ಕಿತು.

ತಂದೆಯ ಲೆಕ್ಕದಲ್ಲಿ ಬಿಟ್ಟುಹೋದ ಬಾಬು ಇದೇ. ಮೀನು ಉಸಿರು ಬಿಡುವುದಷ್ಟೇ ಅಲ್ಲ, ವಿಸರ್ಜಿಸುತ್ತದೆ. ತಿನ್ನದೆ ಬಿಟ್ಟ ಕಾಳು ಕೊಳೆಯುತ್ತದೆ. ಅದರಿಂದ ಹುಟ್ಟುವ ಅಮೋನಿಯ ಮೀನಿಗೆ ವಿಷ. ಕಲ್ಲಿನ ಮೈಯಲ್ಲಿ, ಮರಳಿನ ಸಂದಿಯಲ್ಲಿ ಬೆಳಕಿಗೆ ಮರೆಯಾಗಿ ಕೂತ ಈ ಸೂಕ್ಷ್ಮಜೀವಿಗಳು ಆ ವಿಷವನ್ನು ಹೆಚ್ಚು ಅಪಾಯವಿಲ್ಲದ ನೈಟ್ರೇಟನ್ನಾಗಿ ಮಾಡುತ್ತವೆ. ನೈಟ್ರೇಟಿನ ಮೇಲೆ ಬಿಸಿಲು ಬಿದ್ದರೆ ಪಾಚಿಗೆ ಹಬ್ಬದೂಟ. ನನ್ನ ತೊಟ್ಟಿಯಲ್ಲಿ ಕಾಳು ಹಾಕಿದವನೂ ನಾನೇ, ಬಿಸಿಲು ಬಿಟ್ಟವನೂ ನಾನೇ. ಪಾಚಿ ಮಾಡಿದ್ದು ಬಡಿಸಿದ್ದನ್ನು ಉಂಡದ್ದು ಮಾತ್ರ. ಒಂದು ಲೆಕ್ಕದಲ್ಲಿ ನಾನು ಚೆಲ್ಲಿದ್ದನ್ನು ಅದು ಎತ್ತಿಟ್ಟುಕೊಂಡಿತ್ತು. ಕಲ್ಲನ್ನು ಬಿಸಿನೀರಿಗೆ ಹಾಕಿದರೆ ಪಾಚಿಯೊಡನೆ ಆ ಕತ್ತಲೆಯ ಆಳುಗಳೂ ಸಾಯುತ್ತವೆ. ಅವು ಮತ್ತೆ ನೆಲೆಯೂರಲು ವಾರಗಳು ಬೇಕು. ಅಷ್ಟರೊಳಗೆ ಬಿಟ್ಟ ಹೊಸ ಮೀನು ತನ್ನ ವಿಸರ್ಜನೆಯಲ್ಲೇ ಬೆಂದುಹೋಗುತ್ತದೆ. ಅಂದಿನ ಇಂಗ್ಲೆಂಡಿನವರು ತೊಳೆದು ತೊಳೆದು ಸೋತದ್ದಕ್ಕೆ ಇದೂ ಒಂದು ಕಾರಣವಿದ್ದೀತು.

ಕುಂಚ ಬಕೆಟ್ಟುಗಳನ್ನು ಮತ್ತೆ ಎತ್ತಿಕೊಂಡೆ. ಮೊದಲು ಉಳಿದ ಮೀನನ್ನು ಹಿಡಿದು ಒಂದು ಸಣ್ಣ ತೊಟ್ಟಿಗೆ ಬಿಟ್ಟು, ಅದರ ಜತೆಗೆ ಒಂದು ಕಲ್ಲು, ಒಂದು ಪುಟ್ಟ ಪಂಪು ಇಟ್ಟೆ. ಅಂಗಡಿಗೆ ಕೊಡಲಿಲ್ಲ. ಉಳಿದ ಕಲ್ಲುಗಳನ್ನು ಒಂದೊಂದಾಗಿ ತೆಗೆದು, ತೊಟ್ಟಿಯದೇ ಉಪ್ಪುನೀರು ತುಂಬಿದ ಬಕೆಟ್ಟಿನಲ್ಲಿ ಅದ್ದಿ, ಉದ್ದ ಪಾಚಿಯನ್ನು ಕೈಯಿಂದಲೇ ಕಿತ್ತೆ. ಕೀಳುವಾಗ ಅದು ಹಸಿ ಸಣಬಿನಂತೆ ಜಾರುತ್ತದೆ. ವಾಸನೆ ಮಳೆಗಾಲದ ಬಂದರಿನದು. ಎರಡು ಬಕೆಟ್ಟು ಪಾಚಿ ಬಂತು. ಆ ಕಲ್ಲುಗಳನ್ನು ಮೆಟ್ಟಿಲ ಕೆಳಗಿನ ಕೋಣೆಯಲ್ಲಿದ್ದ ನೀಲಿ ಡ್ರಮ್ಮಿನಲ್ಲಿ ಉಪ್ಪುನೀರಿಗಿಳಿಸಿ, ನೀರು ತಿರುಗುವಂತೆ ಪಂಪು ಹಚ್ಚಿ, ಮೇಲೆ ಹಳೆಯ ಕಂಬಳಿ ಹೊದೆಸಿದೆ. ಲಾಯ್ಡನ ನೆಲದಡಿಯ ಹೊಂಡಕ್ಕೆ ನಮ್ಮ ಮನೆಯಲ್ಲಿ ಸಿಕ್ಕ ಜಾಗ ಅಷ್ಟೇ. ಬರಿದಾದ ತೊಟ್ಟಿಗೆ ಸೋಪು ಮುಟ್ಟಿಸಲಿಲ್ಲ. ವಿನಿಗರಿನಲ್ಲಿ ಬಟ್ಟೆ ಅದ್ದಿ ಉಪ್ಪಿನ ಕಲೆ ಬಿಡಿಸಿ, ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಮೂಲೆಗಳನ್ನು ಹೆರೆದು, ಬರಿಯ ನೀರಿನಲ್ಲಿ ನಾಲ್ಕು ಸಲ ತೊಳೆದೆ. ಸೊಂಟ ಹಿಡಿದುಕೊಂಡಿತು. ತೊಟ್ಟಿಯನ್ನು ಕಿಟಕಿಯಿಂದ ಒಳಗೋಡೆಯ ಕಡೆಗೆ ಸರಿಸಲು ಪಕ್ಕದ ಮನೆಯ ಇಬ್ಬರು ಹುಡುಗರು ಬೇಕಾದರು.

ವಾರಕ್ಕೊಮ್ಮೆ ಡ್ರಮ್ಮಿನ ನೀರನ್ನು ಅರ್ಧದಷ್ಟು ತೆಗೆದು ಹೊಸ ಉಪ್ಪುನೀರು ಹಾಕುತ್ತಿದ್ದೇನೆ. ಸತ್ತ ಪಾಚಿ ಕೊಳೆತು ಮತ್ತೆ ಅಮೋನಿಯವಾಗಬಾರದಲ್ಲ. "ಕಲ್ಲಿಗೆ ಕಂಬಳಿ ಹೊದಿಸೋದನ್ನ ಇದೇ ಮೊದಲು ನೋಡಿದ್ದು" ಎಂದು ಮನೆಯಾಕೆ ಅಕ್ಕಪಕ್ಕದವರಿಗೂ ಹೇಳಿದ್ದಾಳೆ. ಮೂರನೆಯ ವಾರ ಕಂಬಳಿ ಸರಿಸಿ ಟಾರ್ಚು ಬಿಟ್ಟೆ. ಹಸುರು ಮಾಸಿ ಬಿಳಚಿಕೊಂಡಿತ್ತು. ಬೆರಳು ತಾಗಿಸಿದರೆ ಪೊರೆಯಂತೆ ಕಳಚಿ ಬರುತ್ತಿತ್ತು. ಅಡಿಯಲ್ಲಿ ಬೂದಿಬಣ್ಣದ ಕಲ್ಲು, ಅದಕ್ಕೆ ಕಚ್ಚಿಕೊಂಡಂತೆ ಆ ಒಂಟಿ ಬಸವನಹುಳು. ಕಲ್ಲಿನೊಡನೆ ಅದೂ ಡ್ರಮ್ಮಿಗೆ ಹೋದದ್ದು ನನಗೆ ಗೊತ್ತೇ ಇರಲಿಲ್ಲ. ಅದನ್ನು ಎತ್ತಿ ಮೀನಿನ ಜತೆ ಬಿಟ್ಟೆ.

ಮಗ ಮೊನ್ನೆ ಫೋನಿನಲ್ಲಿ, "ಕಲ್ಲನ್ನ ಬಿಸಿನೀರಿಗೆ ಹಾಕಿದ್ರಾ ಅಪ್ಪ?" ಎಂದು ಕೇಳಿದ. ಇಲ್ಲ, ಕತ್ತಲಲ್ಲಿಟ್ಟಿದ್ದೇನೆ ಎಂದೆ. ಅತ್ತಲಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಪಂಪು ಓಡ್ತಿದೆಯಾ? ಉಪ್ಪು ಎಷ್ಟು ಹಾಕ್ತಿದ್ದೀರಿ? ಮೀನು ತಿಂತಿದೆಯಾ?" ಎಂದು ಒಂದರ ಮೇಲೊಂದು ಕೇಳತೊಡಗಿದ. ತಿನ್ನುತ್ತಿದೆ, ದಿನಕ್ಕೊಂದು ಚಿಟಿಕೆ ಎಂದೆ. ಆ ಚಿಟಿಕೆಯನ್ನು ಈಗ ಹಾಕುವವಳು ಅವನ ತಾಯಿ. ಡಬ್ಬಿ ಅಡಿಗೆಮನೆಯ ಮೇಲಿನ ಶೆಲ್ಫಿನಲ್ಲಿದೆ, ನನ್ನ ಕೈಗೆ ಸಿಗದಂತೆ.